ಅರಳಿನ ನೀರು, ಪುನರ್ಪುಳಿಯ ಸಾರು

ದೀಪಾವಳಿಯ ಲಕ್ಷ್ಮೀಪೂಜೆಗೆ ಸಾಮಾನು ತರಲೆಂದು ಈಚೆಗೆ ಬಿಬವೇವಾಡಿಯ ಮಾರುಕಟ್ಟೆಗೆ ಹೋಗಿದ್ದೆ. ರಸ್ತೆಯ ಅಂಚಿನಲ್ಲಿ ಹಳೆಯ ಸೀರೆ ಹಾಸಿ, ಅದರ ಮೇಲೆ ಭತ್ತದ ಅರಳನ್ನು ಗುಡ್ಡೆ ಹಾಕಿಕೊಂಡು ಒಬ್ಬ ಹೆಂಗಸು ಕೂತಿದ್ದಳು. ಇಲ್ಲಿಯವರು ಅದಕ್ಕೆ ಲಾಹ್ಯಾ ಎನ್ನುತ್ತಾರೆ. ಬತ್ತಾಸಿನ ಜೊತೆ ಲಕ್ಷ್ಮಿಯ ಮುಂದೆ ಇಡುತ್ತಾರೆ. ಆಕೆ ಮೊರದಲ್ಲಿ ಒಂದಿಷ್ಟು ಅರಳು ತೆಗೆದುಕೊಂಡು ಕೇರಿದಾಗ ಹೊಟ್ಟಿನ ದೂಳು ಎದ್ದು ನನ್ನ ಮುಖಕ್ಕೆ ಬಂತು. ಹುರಿದ ಭತ್ತದ ಸಿಪ್ಪೆಯ, ಬಿಸಿ ಮರಳಿನ, ತುಸುವೇ ಸಿಹಿಯಾದ ಆ ವಾಸನೆ ಮೂಗಿಗೆ ತಾಗಿದ್ದೇ ತಡ, ಕೈಯಲ್ಲಿದ್ದ ಚೀಲ, ಹಿಂದೆ ಹಾರ್ನ್ ಹೊಡೆಯುತ್ತಿದ್ದ ರಿಕ್ಷಾ, ಚೆಂಡುಹೂವಿನ ರಾಶಿಗಳು ಎಲ್ಲವೂ ದೂರ ಸರಿದವು. ನಾನು ಮತ್ತೆ ಚಿಕ್ಕವಳಾಗಿದ್ದೆ. ಬೇಸಿಗೆಯ ರಜೆ ಇತ್ತು. ನಮ್ಮ ಮನೆಯ ಒಲೆಯ ಮೇಲೆ ಏನೋ ಕುದಿಯುತ್ತಿತ್ತು, ಯಾರೋ ಏನನ್ನೋ ಜಜ್ಜುತ್ತಿದ್ದರು, ಎಲ್ಲರೂ ಒಟ್ಟಿಗೇ ಮಾತಾಡುತ್ತಿದ್ದರು. ನಿಮಗೂ ಹೀಗೆ ಆಗಿರಬಹುದು. ಇಲ್ಲವಾದ ಮನೆಯೊಂದು ಹೀಗೆ ನಡುರಸ್ತೆಯಲ್ಲಿ ಎದುರಿಗೆ ಬಂದು ನಿಂತರೆ ಎಲ್ಲಿ ನೋಡಬೇಕೆಂದು ತಿಳಿಯುವುದಿಲ್ಲ.

ನಮ್ಮ ಮನೆ ಬಿಬವೇವಾಡಿಯ ಗುಡ್ಡದ ಬುಡದಲ್ಲಿತ್ತು. ಆಗ ಅದು ಊರಿನ ಕೊನೆ. ನಮ್ಮ ಹಿತ್ತಲಿನ ಆಚೆ ಬರೀ ಕಲ್ಲು, ಹುಲ್ಲು, ಮೇಯುವ ಆಡುಗಳು. ಹೆಂಚಿನ ಮಾಡು, ಸಾಲಾಗಿ ನಾಲ್ಕಾರು ಕೋಣೆ, ಹಿಂದೆ ಬಟ್ಟೆ ಒಗೆಯುವ ಕಲ್ಲು, ಅದರ ಪಕ್ಕ ಒಂದು ನಿಂಬೆಗಿಡ. ಅಜ್ಜ ಧಾರವಾಡದಿಂದ ನೌಕರಿಗೆ ಬಂದು ಕಟ್ಟಿಸಿದ ಮನೆ ಅದು. ನನಗೆ ತಿಳಿವಳಿಕೆ ಬರುವಷ್ಟರಲ್ಲಿ ಅಜ್ಜ ಇರಲಿಲ್ಲ, ಅಜ್ಜಿಯದೇ ರಾಜ್ಯ. ಅಜ್ಜಿ ಎತ್ತರದ ಹೆಂಗಸು, ಹಣೆಯ ತುಂಬ ವಿಭೂತಿ, ದನಿ ಎಷ್ಟು ಗಟ್ಟಿ ಎಂದರೆ ಹಿತ್ತಲಿನಿಂದ ಕರೆದರೆ ಬೀದಿಯಲ್ಲಿ ಆಡುತ್ತಿದ್ದ ನಾನು ಓಡಿ ಬರುತ್ತಿದ್ದೆ. ಅಪ್ಪ ಟೆಲಿಫೋನ್ ಇಲಾಖೆಯಲ್ಲಿದ್ದರು. ಅವ್ವ ಹತ್ತಿರದ ಬಾಲವಾಡಿಯಲ್ಲಿ ಪಾಠ ಹೇಳುತ್ತಿದ್ದಳು. ಅಪ್ಪನ ತಮ್ಮ ವಸಂತ ಕಾಕಾ ಫ್ರಿಜ್ಜು ರಿಪೇರಿ ಮಾಡುತ್ತಿದ್ದ. ಅವನ ಹೆಂಡತಿ ಸುಜಾತಾ ಕಾಕು. ಈ ಬರಹವೆಲ್ಲ ಅವಳ ಕುರಿತೇ.

ಕಾಕು ನಮ್ಮ ಕಡೆಯವಳಲ್ಲ. ಅವಳ ತಂದೆತಾಯಿ ಕುಂದಾಪುರದ ಕಡೆಯವರು. ಪುಣೆ ಕ್ಯಾಂಪಿನಲ್ಲಿ ಅವರದೊಂದು ಹೋಟೆಲು, ಮೇಲಿನ ಮಹಡಿಯಲ್ಲಿ ವಾಸ. ಹೋಟೆಲಿನ ಹಳೆಯ ಫ್ರಿಜ್ಜು ಪದೇ ಪದೇ ಕೆಡುತ್ತಿತ್ತಂತೆ, ವಸಂತ ಕಾಕಾ ಪದೇ ಪದೇ ಹೋಗುತ್ತಿದ್ದನಂತೆ. ಕೊನೆಕೊನೆಗೆ ಫ್ರಿಜ್ಜು ಸರಿ ಇದ್ದಾಗಲೂ ಹೋಗುತ್ತಿದ್ದ ಎಂದು ಅವ್ವ ನಗುತ್ತಿದ್ದಳು. ಮದುವೆಗೆ ಎರಡೂ ಕಡೆ ಮನಸ್ಸಿರಲಿಲ್ಲ. ಕಾಕುವಿನ ತಂದೆ ಮಗಳ ಮದುವೆಗೆ ಬರಲಿಲ್ಲ, ಹೆಂಡತಿಯನ್ನೂ ಕಳಿಸಲಿಲ್ಲ. ನಮ್ಮ ಅಜ್ಜಿ ಮದುವೆ ಮಾಡಿಸಿದಳು, ಆದರೆ ಬೀಗರು ಬಾರದ ಮದುವೆ ತನಗೆ ಮಾಡಿದ ಅವಮಾನ ಎಂದುಕೊಂಡಳು. ಆಮೇಲೆ ಯಾರಾದರೂ ಕ್ಯಾಂಪಿನ ಹೆಸರು ಎತ್ತಿದರೆ ಸಾಕು, ಅಜ್ಜಿ ಎದ್ದು ಒಳಗೆ ಹೋಗುತ್ತಿದ್ದಳು. ಕಾಕು ಮಾತ್ರ ಯಾರನ್ನೂ ದೂರದೆ ಬಂದವಳೇ ಮನೆಯಲ್ಲಿ ಬೆರೆತಳು. ರೊಟ್ಟಿ ಬಡಿಯಲು ಕಲಿತಳು. ನಾನು ಹಟ ಹಿಡಿದಾಗ ನನಗೆ ಎರಡು ಜಡೆ ಹಾಕಿ, ತನ್ನ ಕಡೆಯ ಕನ್ನಡದಲ್ಲಿ ‘ಎಂತ ಹೆಣ್ಣೇ ನೀನು’ ಎಂದು ಗಲ್ಲ ಹಿಂಡುತ್ತಿದ್ದಳು. ನಾನು ಶಾಲೆಯಲ್ಲಿ ಮರಾಠಿ, ಮನೆಯಲ್ಲಿ ಧಾರವಾಡದ ಕನ್ನಡ ಆಡುವವಳು. ಅವಳ ಮಾತು ನನಗೆ ಹಾಡಿನ ಹಾಗೆ ಕೇಳುತ್ತಿತ್ತು.

ಮದುವೆಯಾಗಿ ಒಂದೆರಡು ವರ್ಷಕ್ಕೆ ಕಾಕು ಬಸುರಿಯಾಗಿದ್ದಳು. ಮೂರು ತಿಂಗಳು ತುಂಬುವ ಮೊದಲೇ ಅದು ಹೋಯಿತು. ನನಗೆ ಯಾರೂ ಏನೂ ಹೇಳಲಿಲ್ಲ. ಕಾಕು ಹಲವು ದಿನ ಮಂಚ ಬಿಟ್ಟು ಏಳದಿದ್ದದ್ದು, ವಸಂತ ಕಾಕಾ ಊಟದ ತಾಟಿನ ಮುಂದೆ ಸುಮ್ಮನೆ ಕೂತಿರುತ್ತಿದ್ದದ್ದು, ಅಜ್ಜಿಯ ದನಿ ಮೊದಲ ಬಾರಿಗೆ ಇಳಿದದ್ದು ಇವಷ್ಟೇ ನೆನಪಿವೆ. ಹಾಗಾಗಿ, ನಾನು ನಾಲ್ಕನೆಯ ಇಯತ್ತೆ ಮುಗಿಸಿದ ಬೇಸಿಗೆಯಲ್ಲಿ ಕಾಕುವಿಗೆ ಮತ್ತೆ ದಿನ ನಿಂತಿದೆ ಎಂದು ಗೊತ್ತಾದಾಗ ಮನೆಯವರೆಲ್ಲ ಸಂತೋಷವನ್ನು ಬಾಯಿ ಬಿಟ್ಟು ಹೇಳಲು ಹೆದರಿ, ಅದನ್ನು ಕೈಕಾಲುಗಳಲ್ಲಿ ತೋರಿಸತೊಡಗಿದರು. ಅಪ್ಪ ಕೆಟ್ಟ ಫ್ಯಾನು ರಿಪೇರಿ ಮಾಡಿಸಿದರು. ಅವ್ವ ಹಳೆಯ ಮೆತ್ತನೆಯ ಸೀರೆಗಳನ್ನು ಒಗೆದು ಮಡಿಸಿಟ್ಟಳು. ಕಾಕಾ ಸ್ಕೂಟರನ್ನು ಮೂರು ಹೊತ್ತೂ ಒರೆಸುತ್ತಿದ್ದ, ಕಾಕುವನ್ನು ಅದರ ಮೇಲೆ ಕೂರಿಸಲು ಅಜ್ಜಿ ಬಿಡುವುದಿಲ್ಲವೆಂದು ಗೊತ್ತಿದ್ದರೂ. ಇಡೀ ಮನೆ ತುದಿಗಾಲಿನ ಮೇಲೆ ನಡೆಯುತ್ತಿದ್ದ ಹಾಗಿತ್ತು. ನಾನಂತೂ ಹಬ್ಬ ಹತ್ತಿರ ಬಂದ ಹಾಗೆ ದಿನ ಎಣಿಸುತ್ತಿದ್ದೆ.

ಆಮೇಲೆ ಕಾಕುವಿಗೆ ಹೊಟ್ಟೆ ತೊಳಸಲು ಶುರುವಾಯಿತು. ಮೊದಲು ಬರೀ ಬೆಳಗಿನ ಹೊತ್ತು. ಒಗ್ಗರಣೆಯ ವಾಸನೆ ಬಂದರೆ ಸೆರಗು ಬಾಯಿಗೆ ಒತ್ತಿಕೊಂಡು ಹಿತ್ತಲಿಗೆ ಓಡುತ್ತಿದ್ದಳು. ಅಜ್ಜಿಗೆ ಇದು ಒಳ್ಳೆಯ ಲಕ್ಷಣವಾಗಿ ಕಂಡಿತು. ‘ವಾಂತಿ ಆಗ್ಲಿಕ್ಕತ್ತದ ಅಂದ್ರ ಕೂಸು ಗಟ್ಟಿ ಕೂತದ ಅಂತ ಅರ್ಥ,’ ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅಡುಗೆಮನೆಗೆ ಇಳಿದಳು. ಅಲ್ಲಿಂದ ನಮ್ಮ ಮನೆಯಲ್ಲಿ ಔಷಧದ ಜಾತ್ರೆಯೇ ನೆರೆಯಿತು. ಹಸಿ ಶುಂಠಿಯನ್ನು ಜಜ್ಜಿ, ರಸ ಹಿಂಡಿ, ಬೆಲ್ಲದಲ್ಲಿ ಕುದಿಸಿ ಅಜ್ಜಿ ಮೊದಲ ಬಟ್ಟಲು ಮಾಡಿದಳು. ಅದು ನಿಲ್ಲದಿದ್ದಾಗ ಜೀರಿಗೆ ಹುರಿದು ಪುಡಿ ಮಾಡಿ, ಬೆಲ್ಲ ಕಲಸಿ ಸಣ್ಣ ಉಂಡೆ ಕಟ್ಟಿದಳು. ಕೊತ್ತಂಬರಿ ಬೀಜವನ್ನು ನೆನೆಹಾಕಿ ಅರೆದು, ಅಕ್ಕಿ ತೊಳೆದ ನೀರಿನಲ್ಲಿ ಕಲಸಿ, ಅದಕ್ಕೂ ಬೆಲ್ಲ ಹಾಕಿ ಕೊಟ್ಟಳು. ಅವ್ವ ನಿಂಬೆಯ ಎಲೆ ಹರಿದು ಕಾಕುವಿನ ಸೆರಗಿನ ತುದಿಗೆ ಕಟ್ಟಿದಳು, ವಾಕರಿಕೆ ಬಂದಾಗ ಮೂಸಲೆಂದು. ಪಕ್ಕದ ಮನೆಯ ಲೀಲಾ ಮಾವಶಿ, ಅವರು ಮರಾಠಿಯವರು, ಗೋಡೆಯ ಆಚೆಯಿಂದಲೇ ವಾಸನೆ ಹಿಡಿದು ವಿಷಯ ತಿಳಿದುಕೊಂಡು, ನೆಲ್ಲಿಕಾಯಿಯ ಮುರಬ್ಬದ ಭರಣಿ ಹಿಡಿದು ಬಂದರು. ಮರುದಿನ ಭತ್ತದ ಅರಳು ತಂದರು. ಅದನ್ನು ಕುದಿವ ನೀರಿನಲ್ಲಿ ಹಾಕಿ, ಮುಚ್ಚಿಟ್ಟು, ಸೋಸಿ, ಆ ತಿಳಿ ನೀರನ್ನು ಗುಟುಕು ಗುಟುಕಾಗಿ ಕೊಡಬೇಕು. ಅವರ ಮೂವರು ಮಕ್ಕಳೂ ಅದರ ಮೇಲೆಯೇ ಹುಟ್ಟಿದ್ದಂತೆ. ಅಜ್ಜಿ ತಲೆದೂಗಿ ಅದನ್ನೂ ಮಾಡಿದಳು, ಒಂದು ಹೆಬ್ಬೆರಳಿನಷ್ಟು ಬೆಲ್ಲ ಸೇರಿಸಿ.

ನನಗೆ ಇದಕ್ಕಿಂತ ದೊಡ್ಡ ಸುಖ ಬೇರೆ ಇರಲಿಲ್ಲ. ಕಾಕುವಿಗೆ ಕೊಟ್ಟು ಉಳಿದದ್ದೆಲ್ಲ ನನಗೆ. ಶುಂಠಿಯ ಪಾಕ ನಾಲಿಗೆ ಸುಟ್ಟು ಗಂಟಲಿನಲ್ಲಿ ಬೆಚ್ಚಗೆ ಇಳಿಯುತ್ತಿತ್ತು. ಜೀರಿಗೆಯ ಉಂಡೆಯನ್ನು ಕೆನ್ನೆಯಲ್ಲಿ ಇಟ್ಟುಕೊಂಡರೆ ಮಧ್ಯಾಹ್ನದವರೆಗೆ ಕರಗುತ್ತಿರಲಿಲ್ಲ. ಒಳಕಲ್ಲಿನಲ್ಲಿ ಏಲಕ್ಕಿ ಜಜ್ಜುವ ಸದ್ದು ಕೇಳಿದರೆ ಸಾಕು, ಆಟ ಬಿಟ್ಟು ಓಡಿ ಬರುತ್ತಿದ್ದೆ. ಕೆಲಸದಿಂದ ಮರಳಿದ ಗಂಡಸರು ಚಪ್ಪಲಿ ಬಿಡುವ ಮೊದಲೇ ಕೇಳುತ್ತಿದ್ದದ್ದು ಒಂದೇ ಮಾತು: ‘ಇವತ್ತ ಏನರ ನಿಂತ್ತೇನು?’ ಅರ್ಧ ರೊಟ್ಟಿ ನಿಂತರೆ ಆ ಸಂಜೆ ಮನೆಯಲ್ಲಿ ನಗು. ಏನೂ ನಿಲ್ಲದಿದ್ದರೆ ಅಜ್ಜಿ ಮತ್ತೊಂದು ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದಳು. ಕಾಕು ಯಾವುದಕ್ಕೂ ಬೇಡ ಎನ್ನಲಿಲ್ಲ. ಅಜ್ಜಿ ಬಟ್ಟಲು ಹಿಡಿದು ನಿಂತರೆ ಕಣ್ಣು ಮುಚ್ಚಿ ಕುಡಿಯುತ್ತಿದ್ದಳು. ‘ಹೆಂಗದ?’ ಎಂದರೆ, ‘ಚಂದ ಉಂಟು ಅತ್ತೆ’ ಎನ್ನುತ್ತಿದ್ದಳು. ಸ್ವಲ್ಪ ಹೊತ್ತಿಗೆ ಹಿತ್ತಲಿನಿಂದ ಸದ್ದು ಬರುತ್ತಿತ್ತು.

ದಿನಗಳು ಹೋದ ಹಾಗೆ ಆ ಸದ್ದು ನಿಲ್ಲಲೇ ಇಲ್ಲ. ಬೆಳಗ್ಗೆ ಮಾತ್ರ ಇದ್ದದ್ದು ಇಡೀ ದಿನಕ್ಕೆ ಹಬ್ಬಿತು. ಕಾಕುವಿನ ಬಳೆಗಳು ಮೊಣಕೈಯವರೆಗೆ ಜಾರತೊಡಗಿದವು. ಕಣ್ಣಿನ ಕೆಳಗೆ ಕಪ್ಪು ಬಂತು, ತುಟಿ ಒಡೆಯಿತು. ಅಪ್ಪನ ಗುರುತಿನವರೊಬ್ಬರು ಶಿರೂರಿನಿಂದ ಬಂದಾಗ ಕಾಗದದ ಪೊಟ್ಟಣವೊಂದನ್ನು ತಂದುಕೊಟ್ಟರು. ಯಾರೋ ಕೊಟ್ಟ ಬೂದು ಬಣ್ಣದ ಪುಡಿ, ಒಂದೇ ಸಲಕ್ಕೆ ವಾಂತಿ ಕಟ್ಟಿಬಿಡುತ್ತದಂತೆ. ಅಜ್ಜಿ ಅದನ್ನು ಅಂಗೈಯಲ್ಲಿ ಹಾಕಿಕೊಂಡು ಮೂಸಿ ನೋಡಿದಳು.

‘ಇದರಾಗ ಏನೇನದರಿ?’

‘ಅದನ್ನ ಅವರು ಹೇಳೂದಿಲ್ಲಂತ್ರಿ, ಗುಣ ಮಾತ್ರ ಭಾಳ ಅದ ಅಂತಾರ.’

‘ಹೆಸರು ಹೇಳಲಿಕ್ಕೆ ಬಾರದ್ದನ್ನ ಬಸುರಿ ಬಾಯಾಗ ಹಾಕಂಗಿಲ್ರಿ ನಾ,’ ಎಂದವಳೇ ಪೊಟ್ಟಣವನ್ನು ಹಾಗೆಯೇ ಮಡಿಸಿ ಅವರ ಕೈಗೆ ಕೊಟ್ಟಳು. ಅವರಿಗೆ ಚಹಾ ಮಾತ್ರ ಎರಡು ಸಲ ಮಾಡಿಸಿದಳು.

ಒಂದು ಬೆಳಗ್ಗೆ ಕಾಕು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕುಸಿದು ಕೂತಳು. ನಾನು ನಿಂಬೆಗಿಡದ ಕೆಳಗೆ ಇದ್ದೆ. ಅವಳು ನನ್ನತ್ತ ಕೈ ಚಾಚಿದ್ದು ಕಂಡಿತು, ಆಮೇಲೆ ಆ ಕೈ ಹಾಗೆಯೇ ಇಳಿಯಿತು. ನಾನು ಕೂಗಿದ್ದಕ್ಕೆ ಅವ್ವ, ಅಜ್ಜಿ, ಗೋಡೆಯ ಆಚೆಯ ಲೀಲಾ ಮಾವಶಿ ಒಟ್ಟಿಗೆ ಬಂದರು. ಕಾಕಾ ರಿಕ್ಷಾ ತಂದ. ಹತ್ತಿರದ ದವಾಖಾನೆಯ ಡಾಕ್ಟರಬಾಯಿ ಕಾಕುವಿನ ನಾಲಿಗೆ ನೋಡಿ, ಕೈಯ ಚರ್ಮ ಎತ್ತಿ ನೋಡಿ, ಬೈದರು. ಇಷ್ಟು ದಿನ ಏಕೆ ಕಾದಿರಿ, ಮೈಯಲ್ಲಿ ನೀರೇ ಇಲ್ಲ, ಮೂತ್ರ ಸರಿಯಾಗಿ ಆಗುತ್ತಿಲ್ಲ ಎಂದ ಮೇಲೂ ಮನೆಮದ್ದು ಮಾಡುತ್ತ ಕೂರುವುದೇ ಎಂದರು. ತಕ್ಷಣ ಸಲೈನ್ ಹಚ್ಚಿದರು. ಮಗುವಿಗೆ ಏನಾಗಿದೆ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಡಾಕ್ಟರಬಾಯಿಯೇ, ಸದ್ಯಕ್ಕೆ ಇಬ್ಬರೂ ಇದ್ದಾರೆ, ಆದರೆ ಇವಳ ಹೊಟ್ಟೆಯಲ್ಲಿ ಏನಾದರೂ ನಿಲ್ಲಲೇಬೇಕು ಎಂದರು. ಶುಂಠಿ, ಜೀರಿಗೆ ಎಲ್ಲ ತಪ್ಪಲ್ಲ, ಮಾತ್ರೆಯ ಜೊತೆ ಸ್ವಲ್ಪ ಸ್ವಲ್ಪ ಕೊಡಿ, ಆದರೆ ಅವಳಿಗೆ ಯಾವುದು ಒಗ್ಗುತ್ತದೋ ಅದನ್ನು ಕೊಡಿ ಎಂದೂ ಹೇಳಿದರು.

ಆ ಮಧ್ಯಾಹ್ನ ಅಜ್ಜಿ ಕಾಕುವಿನ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದಳು, ನಾನು ಅವಳ ಕಾಲ ಬಳಿ. ಕಾಕುವಿಗೆ ಜೊಂಪು ಹತ್ತಿತ್ತು. ಮಂಪರಿನಲ್ಲಿಯೇ ಅವಳು ‘ಅಮ್ಮ’ ಎಂದಳು. ಸ್ವಲ್ಪ ಬಿಟ್ಟು ಮತ್ತೊಮ್ಮೆ. ನಮ್ಮ ಮನೆಯಲ್ಲಿ ಎಲ್ಲರೂ ಅವ್ವ ಎನ್ನುವವರು. ಅಮ್ಮ ಎಂದು ಕರೆಸಿಕೊಳ್ಳುವವರು ಯಾರೂ ಇರಲಿಲ್ಲ. ಅಜ್ಜಿ ಆ ಕಡೆ ಈ ಕಡೆ ನೋಡಿದಳು. ಆಮೇಲೆ ಕಾಕುವಿನ ಕೆದರಿದ ಕೂದಲನ್ನು ಬೆರಳಿನಿಂದ ಹಿಂದಕ್ಕೆ ಸರಿಸಿದಳು.

ಮರುದಿನ ಮುಂಜಾನೆ ಅಜ್ಜಿ ಟ್ರಂಕಿನಿಂದ ಇಳಕಲ್ಲ ಸೀರೆ ತೆಗೆದಳು. ಅದು ಮದುವೆ ಮುಂಜಿವೆಗೆ ಉಡುವ ಸೀರೆ. ಅವ್ವ ‘ಎಲ್ಲಿಗೆ ಹೊಂಟೀರಿ?’ ಎಂದಳು. ‘ಕ್ಯಾಂಪಿಗೆ’ ಎಂದಳು ಅಜ್ಜಿ, ಕಾಯಿಪಲ್ಲೆ ತರಲು ಹೊರಟವಳ ಹಾಗೆ. ಕಾಕಾ ಜೊತೆಗೆ ಬರುತ್ತೇನೆ ಎಂದದ್ದಕ್ಕೆ, ‘ನೀ ಬಂದ್ರ ಜಗಳ ಆಗತದ, ನೀ ಅಕಿ ಹಂತ್ಯಾಕ ಇರು’ ಎಂದಳು. ಒಬ್ಬಳೇ ಹೋಗುವುದು ಬೇಡವೆಂದು ಅವ್ವ ನನ್ನನ್ನು ಜೊತೆಗೆ ಕಳಿಸಿದಳು. ರಿಕ್ಷಾದಲ್ಲಿ ಸ್ವಾರಗೇಟು ದಾಟಿ ಕ್ಯಾಂಪಿನ ಅಗಲ ರಸ್ತೆಗಳಿಗೆ ಬಂದಾಗ, ದೊಡ್ಡ ದೊಡ್ಡ ಮರಗಳು, ಬೇಕರಿಯಿಂದ ಬರುವ ಬ್ರೆಡ್ಡಿನ ವಾಸನೆ, ಗಾಜಿನ ಬಾಗಿಲ ಅಂಗಡಿಗಳು ಇವನ್ನೆಲ್ಲ ಬಿಟ್ಟು ನಾನು ಅಜ್ಜಿಯ ಮುಖವನ್ನೇ ನೋಡುತ್ತಿದ್ದೆ. ಅವಳು ಯುದ್ಧಕ್ಕೆ ಹೊರಟ ಹಾಗೆ ನೆಟ್ಟಗೆ ಕೂತಿದ್ದಳು.

ಹೋಟೆಲಿನಲ್ಲಿ ಬೆಳಗಿನ ಗದ್ದಲ. ಸಾಂಬಾರಿನ ಹಬೆ, ಕಾಫಿಯ ಘಮ, ಒದ್ದೆ ಬಟ್ಟೆಯಲ್ಲಿ ಮೇಜು ಒರೆಸಿದ ವಾಸನೆ. ಗಲ್ಲೆಯ ಮೇಲೆ ಕೂತಿದ್ದವರು ಕಾಕುವಿನ ತಂದೆ ಎಂದು ನನಗೆ ಕೂಡಲೇ ತಿಳಿಯಿತು, ಕಾಕುವಿನದೇ ಮೂಗು. ಅವರು ಬಡೆಸೋಪಿನ ಬಟ್ಟಲು ತುಂಬಿಸುತ್ತಿದ್ದರು. ಅಜ್ಜಿ ನೇರ ಅವರ ಮುಂದೆ ಹೋಗಿ ನಿಂತಳು.

‘ನಾ ವಸಂತನ ಅವ್ವ. ನಾಷ್ಟಾಕ್ಕ ಬಂದಿಲ್ರಿ. ನಿಮ್ಮ ಮನಿಯವರನ್ನ ಕರೀರಿ.’

ಅವರು ತಲೆ ಎತ್ತಲಿಲ್ಲ. ‘ಅವಳು ಮೇಲೆ ಇದ್ದಾಳೆ’ ಎಂದರು. ಮತ್ತೆ ಬಡೆಸೋಪು ತುಂಬಿಸತೊಡಗಿದರು. ಅಜ್ಜಿ ಅಲ್ಲಿಂದ ಕದಲಲಿಲ್ಲ. ಕೊನೆಗೆ ಅವರೇ ಕೇಳಿದರು, ‘ಎಂತಾಯ್ತು?’

‘ನಿಮ್ಮ ಮಗಳು ದವಾಖಾನ್ಯಾಗ ಇದ್ದಾಳ್ರಿ. ಬಸುರಿ. ನೀರು ಸೈತ ಹೊಟ್ಟ್ಯಾಗ ನಿಲ್ಲವಲ್ದು.’

ಅವರ ಕೈಯಿಂದ ಬಡೆಸೋಪು ಗಲ್ಲೆಯ ಮೇಲೆಲ್ಲ ಚೆಲ್ಲಿತು. ಅದನ್ನು ಎತ್ತಿಕೊಳ್ಳದೆ ಒಳಗೆ ತಿರುಗಿ ಯಾರಿಗೋ ತಮ್ಮ ಕಡೆಯ ಕನ್ನಡದಲ್ಲಿ ಏನೋ ಹೇಳಿದರು. ಕ್ಷಣದಲ್ಲಿ ಕಾಕುವಿನ ತಾಯಿ ಮೆಟ್ಟಿಲು ಇಳಿದು ಬಂದರು. ಗಿಡ್ಡ, ದುಂಡು ಮೈ, ಕೈಗೆಲ್ಲ ದೋಸೆಯ ಹಿಟ್ಟು. ಅಂದಿನಿಂದ ಅವರು ನನಗೆ ಕ್ಯಾಂಪಿನಜ್ಜಿ. ನಮ್ಮ ಅಜ್ಜಿ ಅವರಿಗೆ ಆಗ ಆಡಿದಂಥ ಮಾತನ್ನು ಜೀವಮಾನದಲ್ಲಿ ಯಾರಿಗೂ ಆಡಿರಲಿಲ್ಲ ಎಂದು ನನಗೆ ದೊಡ್ಡವಳಾದ ಮೇಲೆ ಅರ್ಥವಾಯಿತು.

‘ಬೀಗತೇರ, ನನಗ ಬರೂದೆಲ್ಲಾ ಮಾಡಿ ಸೋತೇನಿ. ಅಕಿ ಬಾಯಿಗೆ ಏನ ಸೇರತದ, ಹೆತ್ತಾಕಿ ನಿಮಗ ಗೊತ್ತಿರತದ. ಅದನ್ನ ಹೇಳ್ರಿ, ನಾ ಮಾಡತೇನಿ.’

ಕ್ಯಾಂಪಿನಜ್ಜಿ ಅಜ್ಜಿಯ ಕೈ ಹಿಡಿದು ಬೆಂಚಿನ ಮೇಲೆ ಕೂರಿಸಿದರು. ಅಜ್ಜಿಯ ಇಳಕಲ್ಲ ಸೀರೆಗೆ ಹಿಟ್ಟು ಮೆತ್ತಿತು, ಇಬ್ಬರೂ ನೋಡಲಿಲ್ಲ. ‘ಇಷ್ಟರವರೆಗೆ ಎಂತೆಲ್ಲ ಕೊಟ್ರಿ?’ ಎಂದು ಕೇಳಿದರು. ಅಜ್ಜಿ ಹೇಳಿದಳು. ಶುಂಠಿ, ಜೀರಿಗೆ, ಕೊತ್ತಂಬರಿ, ಅರಳಿನ ನೀರು.

‘ಎಲ್ಲದಕ್ಕೂ ಬೆಲ್ಲ ಹಾಕಿದ್ರಾ?’

‘ಹೌದ್ರಿ ಮತ್ತ. ಬೆಲ್ಲ ಇಲ್ಲದ ಹೆಂಗ ಕುಡೀತಾಳ?’

ಕ್ಯಾಂಪಿನಜ್ಜಿ ಬಾಯಿಯ ಮೇಲೆ ಕೈ ಇಟ್ಟುಕೊಂಡರು. ಅವರು ನಗುತ್ತಿದ್ದಾರೋ ಅಳುತ್ತಿದ್ದಾರೋ ನನಗೆ ತಿಳಿಯಲಿಲ್ಲ. ‘ಅವಳಿಗೆ ಬೆಲ್ಲದ ವಾಸನೆಯೇ ಆಗುದಿಲ್ಲ ಮಾರಾಯ್ರೆ. ಸಣ್ಣದಿರುವಾಗ ಹಿಂದಿನ ಕೋಣೆಯಲ್ಲಿ ಬೆಲ್ಲ ಇಡ್ತಿದ್ದೆವು, ಕದ್ದು ತಿಂದು ತಿಂದು ಜೋರು ಕಾಯಿಲೆ ಬಿದ್ದಳು. ಅದರ ನಂತರ ಹೋಳಿಗೆ ಸಹ ಮುಟ್ಟಲಿಲ್ಲ.’

‘ನಮ್ಮ ಮನ್ಯಾಗ ಹೋಳಿಗಿ ತಿಂತಾಳಲ್ರಿ. ಹಬ್ಬಕ್ಕೆಲ್ಲಾ ತಿಂದಾಳ.’

‘ನೀವು ಬಡಿಸಿದ್ರಿ ಅಂತ ತಿಂದಿರ್ಬೇಕು.’

ಅಜ್ಜಿಯ ಎದುರಿಗೆ ಯಾರೋ ತಂದಿಟ್ಟ ಕಾಫಿ ತಣ್ಣಗಾಯಿತು. ಕ್ಯಾಂಪಿನಜ್ಜಿ ಕೈ ತೊಳೆದುಕೊಂಡು, ಮೇಲೆ ಹೋಗಿ ಸೀರೆ ಬದಲಿಸಿ, ಬಟ್ಟೆಯ ಚೀಲ ಹಿಡಿದು ಬಂದು, ಗಂಡನ ಕಡೆ ನೋಡದೆಯೇ ‘ಹೋಗುವ’ ಎಂದರು. ನಾವು ರಿಕ್ಷಾ ಹತ್ತಿದಾಗ ಅವರು, ಆ ಮೂಗಿನ ಮನುಷ್ಯ, ಅಂಗಡಿಯ ಒಳಗಿನಿಂದ ದೊಡ್ಡ ಪೊಟ್ಟಣವೊಂದನ್ನು ತಂದು ಹೆಂಡತಿಯ ತೊಡೆಯ ಮೇಲೆ ಇಟ್ಟು ಒಳಗೆ ಹೋದರು. ಪೊಟ್ಟಣದೊಳಗೆ ಒಣಗಿದ, ಕಪ್ಪುಗೆಂಪು ಸಿಪ್ಪೆಗಳು. ಪುನರ್ಪುಳಿ ಎಂದು ಕ್ಯಾಂಪಿನಜ್ಜಿ ನನಗೆ ಹೇಳಿಕೊಟ್ಟರು. ದವಾಖಾನೆ ಮುಟ್ಟುವವರೆಗೂ ನಾನು ಆ ಹೆಸರನ್ನು ಬಾಯಲ್ಲಿ ಉರುಳಿಸುತ್ತಲೇ ಇದ್ದೆ.

ತಾಯಿ ಮಗಳು ಭೇಟಿಯಾದಾಗ ನಾನು ಬಾಗಿಲಲ್ಲಿ ನಿಂತಿದ್ದೆ. ಅಳು, ಕೂಗಾಟ ಏನೂ ಆಗಲಿಲ್ಲ. ಕಾಕು ಗೋಡೆಯ ಕಡೆಗೆ ಮುಖ ಮಾಡಿ ಮಲಗಿದ್ದಳು. ಕ್ಯಾಂಪಿನಜ್ಜಿ ಹೋಗಿ ಅವಳ ಬೆನ್ನಿನ ಮೇಲೆ ಕೈ ಇಟ್ಟು, ‘ತಿರುಗು ಮಗಾ’ ಎಂದರು. ಕಾಕು ತಿರುಗಿದಳು. ತಾಯಿಯ ಅಂಗೈಯನ್ನು ಎಳೆದುಕೊಂಡು ಮೂಗಿಗೆ ಒತ್ತಿಕೊಂಡಳು, ಹಾಗೆಯೇ ಇದ್ದಳು. ನಮ್ಮ ಅಜ್ಜಿ ನನ್ನ ಭುಜ ಹಿಡಿದು ಹೊರಗೆ ಕರೆದುಕೊಂಡು ಬಂದಳು.

ಕಾಕು ಮನೆಗೆ ಬಂದ ಮೇಲೆ ಕ್ಯಾಂಪಿನಜ್ಜಿಯೂ ನಮ್ಮಲ್ಲಿಯೇ ಉಳಿದರು. ಆ ದಿನಗಳ ಅಡುಗೆಮನೆಯನ್ನು ನಾನು ನಿಮಗೆ ಹೇಗೆ ತೋರಿಸಲಿ? ಎತ್ತರದ ಅಜ್ಜಿ, ಗಿಡ್ಡ ಅಜ್ಜಿ, ಇಬ್ಬರ ಮಧ್ಯೆ ಒಂದು ಒಲೆ. ಬೆಲ್ಲದ ಡಬ್ಬಿಯನ್ನು ಅಜ್ಜಿ ತಾನೇ ಹೊತ್ತುಕೊಂಡು ಹೋಗಿ ಲೀಲಾ ಮಾವಶಿಯ ಮನೆಯಲ್ಲಿ ಇಟ್ಟು ಬಂದಳು. ಅರಳಿನ ನೀರಿಗೆ ಈಗ ಬರೀ ಒಂದು ಹರಳು ಉಪ್ಪು, ಜಜ್ಜಿದ ಏಲಕ್ಕಿ. ಪುನರ್ಪುಳಿಯನ್ನು ನೀರಿನಲ್ಲಿ ನೆನೆಹಾಕಿದರೆ ನೀರು ಮೆಲ್ಲಗೆ ಮಾಣಿಕ್ಯದ ಬಣ್ಣಕ್ಕೆ ತಿರುಗುತ್ತಿತ್ತು. ಅದನ್ನು ನೋಡಲು ನಾನು ಪಾತ್ರೆಯ ಮುಂದೆಯೇ ಕೂರುತ್ತಿದ್ದೆ. ಅದಕ್ಕೆ ಉಪ್ಪು, ಚಿಟಿಕೆ ಜೀರಿಗೆ ಪುಡಿ, ಹಸಿ ಶುಂಠಿಯ ಒಂದು ಚೂರು, ಒಗ್ಗರಣೆ ಇಲ್ಲ. ತೆಳ್ಳನೆಯ ಸಾರು, ತಣ್ಣಗೆ ಮಾಡಿ, ಚಮಚದಲ್ಲಿ. ಲೀಲಾ ಮಾವಶಿ ಇಣುಕಿ ನೋಡಿ, ಇದು ನಮ್ಮ ಆಮಸೂಲ ಅಲ್ಲವೇ, ನಾನು ಮೊದಲೇ ಕೊಡುತ್ತಿದ್ದೆನಲ್ಲ ಎಂದರು. ಅಜ್ಜಿ, ನಮ್ಮ ಕಡೆ ಇದಕ್ಕೆ ಕೋಕಮ್ ಅಂತಾರ, ಬೆಳಗಾವಿಯಿಂದ ಬರತದ ಎಂದಳು. ಕ್ಯಾಂಪಿನಜ್ಜಿ, ಮರ ಇರುವುದು ನಮ್ಮ ಅಂಗಳದಲ್ಲಿ, ಹೆಸರು ಬೇಕಾದರೆ ನೀವು ಇಟ್ಟುಕೊಳ್ಳಿ ಎಂದರು. ಮೂವರೂ ನಕ್ಕದ್ದಕ್ಕೆ ಒಳಗೆ ಮಲಗಿದ್ದ ಕಾಕುವೂ ನಕ್ಕಳು. ಎಷ್ಟೋ ವಾರಗಳ ಮೇಲೆ ಕೇಳಿದ ನಗು. ಅಜ್ಜಿ ಸೌಟು ಹಿಡಿದ ಕೈಯನ್ನು ಮೇಲೆಯೇ ನಿಲ್ಲಿಸಿ ಕೇಳಿಸಿಕೊಂಡಳು.

ಮೊದಲ ಬಟ್ಟಲು ಸಾರು ಕುಡಿದ ಮೇಲೆ ಮನೆಯವರೆಲ್ಲ ಕಾಕುವಿನ ಮುಖ ನೋಡುತ್ತ ಕೂತೆವು. ಅವಳು ಕಣ್ಣು ಮುಚ್ಚಿದಳು, ತೆರೆದಳು. ಹಿತ್ತಲಿನ ಕಡೆಗೆ ನೋಡಿದಳು. ಏಳಲಿಲ್ಲ. ಸಂಜೆ ಅವಳು ತಾನಾಗಿಯೇ ‘ಇನ್ನು ಸ್ವಲ್ಪ ಉಂಟಾ?’ ಎಂದು ಕೇಳಿದಾಗ ನಾನು ಬೀದಿಗೆ ಓಡಿ, ಯಾರೂ ಕೇಳದಿದ್ದರೂ ಆಡುತ್ತಿದ್ದ ಹುಡುಗಿಯರಿಗೆಲ್ಲ ಹೇಳಿ ಬಂದೆ. ಅಜ್ಜಿ ಆ ಸಂಜೆ ಕಾಕುವಿನ ಹತ್ತಿರ ಕೂತು ಕೇಳಿದ್ದು ನನಗೆ ಕೇಳಿಸಿತು.

‘ಬೆಲ್ಲ ಸೇರೂದಿಲ್ಲಂತ ಒಂದ ಮಾತು ನನಗ್ಯಾಕ ಹೇಳಲಿಲ್ಲ?’

‘ನೀವು ಅಷ್ಟು ಪ್ರೀತಿಯಿಂದ ಮಾಡ್ತಿದ್ರಿ ಅತ್ತೆ.’

‘ಹುಚ್ಚಿ,’ ಎಂದಳು ಅಜ್ಜಿ. ಅಷ್ಟೇ. ಆದರೆ ಆಮೇಲೆ ನಮ್ಮ ಮನೆಯಲ್ಲಿ ಹಬ್ಬಕ್ಕೆ ಸಕ್ಕರೆಯ ಹೋಳಿಗೆ ಬೇರೆಯಾಗಿ ಆಗತೊಡಗಿತು.

ಡಾಕ್ಟರಬಾಯಿ ಇದನ್ನೆಲ್ಲ ಕೇಳಿ, ಮೂರು ತಿಂಗಳು ಕಳೆದರೆ ಬಹಳ ಮಂದಿಗೆ ತಾನಾಗಿಯೇ ಕಡಿಮೆಯಾಗುತ್ತದೆ, ಮಾತ್ರೆಯೂ ಕೆಲಸ ಮಾಡಿರಬೇಕು ಎಂದರು. ಮನೆಗೆ ಬಂದ ಮೇಲೆ ಅಜ್ಜಿ ಅರಳಿನ ನೀರು ಎಂದಳು, ಕ್ಯಾಂಪಿನಜ್ಜಿ ಸಾರು ಎಂದರು, ಲೀಲಾ ಮಾವಶಿ ಮುರಬ್ಬ ಎಂದರು. ಈ ವಾದ ಅವರು ಬದುಕಿರುವವರೆಗೂ ಮುಗಿಯಲಿಲ್ಲ. ಮುಗಿಯಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ.

ಕ್ಯಾಂಪಿನಜ್ಜಿ ಹೋಟೆಲಿಗೆ ಮರಳಿದ ಮೇಲೆ ಪ್ರತಿದಿನ ಬೆಳಗ್ಗೆ ಸಾರಿನ ಕ್ಯಾನು ಬರತೊಡಗಿತು. ತರುತ್ತಿದ್ದವರು ಕಾಕುವಿನ ತಂದೆಯೇ. ಸ್ಕೂಟರನ್ನು ಗೇಟಿನ ಹೊರಗೆ ನಿಲ್ಲಿಸಿ, ಇಳಿಯದೆ, ಹಾರ್ನ್ ಒಮ್ಮೆ ಒತ್ತುತ್ತಿದ್ದರು. ಅಜ್ಜಿ ಹೋಗಿ ತೆಗೆದುಕೊಳ್ಳುತ್ತಿದ್ದಳು. ‘ಒಳಗ ಬರ್ರಿ’ ಎಂದರೆ, ‘ಅಂಗಡಿ ಉಂಟು’ ಎಂದು ಹೋಗಿಬಿಡುತ್ತಿದ್ದರು. ಒಂದು ದಿನ ಹಾರ್ನ್ ಕೇಳಿದಾಗ ಅಜ್ಜಿ ಏಳಲಿಲ್ಲ. ಕೈಯಲ್ಲಿ ಏನೂ ಕೆಲಸವಿಲ್ಲದಿದ್ದರೂ ಕೂತೇ ಇದ್ದಳು. ‘ನೀ ಹೋಗು’ ಎಂದು ಕಾಕುವಿಗೆ ಹೇಳಿದಳು. ಕಾಕು ಬಾಗಿಲ ಚೌಕಟ್ಟು ಹಿಡಿದುಕೊಂಡು, ನಿಧಾನವಾಗಿ ಅಂಗಳ ದಾಟಿ ಗೇಟಿಗೆ ಹೋದಳು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಅವರು ಮಗಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಕ್ಯಾನು ಕೊಡಲು ಚಾಚಿದ ಕೈ ಹಾಗೆಯೇ ಇತ್ತು. ‘ಉಪ್ಪು ಸಾಕಾ ನೋಡು’ ಎಂದರು. ಕಾಕು ಅಲ್ಲಿಯೇ ಮುಚ್ಚಳ ತೆಗೆದು, ಅದರಲ್ಲಿ ಸ್ವಲ್ಪ ಸುರಿದುಕೊಂಡು ಕುಡಿದಳು. ‘ಸಾಕು ಅಪ್ಪ’ ಎಂದಳು. ಅವರು ಸ್ಕೂಟರಿನಿಂದ ಇಳಿದರು. ಅಂದು ಅವರು ನಮ್ಮ ಮನೆಯಲ್ಲಿ ರೊಟ್ಟಿ, ಬದನೆಕಾಯಿ ಪಲ್ಲೆ ಉಂಡು ಹೋದರು. ಅಂಗಡಿಯ ನೆನಪೇ ಆಗಲಿಲ್ಲ.

ಮಳೆಗಾಲ ಮುಗಿಯುತ್ತ ಬಂದಾಗ ಕಾಕುವಿಗೆ ಕುಬಸ ಮಾಡಿದರು, ನಮ್ಮ ಕಡೆಯ ಸೀಮಂತ. ಹಸಿರು ಸೀರೆ, ಎರಡೂ ಕೈ ತುಂಬ ಹಸಿರು ಬಳೆ. ಈಗ ಬಳೆ ಜಾರುತ್ತಿರಲಿಲ್ಲ. ಊಟ ಕ್ಯಾಂಪಿನ ಹೋಟೆಲಿನಿಂದ ಬಂತು, ರೊಟ್ಟಿ ಮಾತ್ರ ನಮ್ಮ ಮನೆಯದು. ಚಳಿ ಬೀಳುವ ಹೊತ್ತಿಗೆ ಹೆಣ್ಣುಮಗು ಹುಟ್ಟಿತು. ನಯನಾ. ದವಾಖಾನೆಯಲ್ಲಿ ಇಬ್ಬರು ಅಜ್ಜಿಯರೂ ಅವಳನ್ನು ಮೊದಲು ಎತ್ತಿಕೊಳ್ಳಲು ‘ನೀವು ಹಿಡೀರಿ’, ‘ನೀವೇ ಹಿಡೀರಿ’ ಎಂದು ಪರಸ್ಪರ ಒತ್ತಾಯಿಸುತ್ತ ನಿಂತಿದ್ದಾಗ ಕಾಕಾ ನಡುವೆ ನುಗ್ಗಿ ಎತ್ತಿಕೊಂಡುಬಿಟ್ಟ. ನನ್ನ ತೊಡೆಯ ಮೇಲೂ ಒಂದು ಕ್ಷಣ ಇಟ್ಟರು. ಬಿಸಿ ರೊಟ್ಟಿಯಷ್ಟು ಬೆಚ್ಚಗಿದ್ದಳು. ಆ ಸಂತೋಷ ನನ್ನ ಮೈಯಲ್ಲಿ ಹಿಡಿಯಲಿಲ್ಲ. ಅಂದು ಮನೆಗೆ ಬರುವಾಗ ಗುಡ್ಡದ ಬುಡದವರೆಗೆ ಒಬ್ಬಳೇ ಓಡಿದ್ದೆ.

ಆಮೇಲಿನದು ಎಲ್ಲರ ಮನೆಯಲ್ಲೂ ಆಗುವಂಥದ್ದು. ಮೊದಲು ಕ್ಯಾಂಪಿನಜ್ಜ ಹೋದರು, ಹೋಟೆಲು ಬೇರೆಯವರ ಕೈಗೆ ಹೋಯಿತು. ಕ್ಯಾಂಪಿನಜ್ಜಿ ಕೊನೆಯ ವರ್ಷಗಳನ್ನು ನಮ್ಮ ಮನೆಯಲ್ಲಿಯೇ, ಅಜ್ಜಿಯ ಎದುರು ಮಂಚದಲ್ಲಿ ಕಳೆದರು. ಇಬ್ಬರೂ ಒಂದೇ ಚಳಿಗಾಲದಲ್ಲಿ ಹೋದರು. ಲೀಲಾ ಮಾವಶಿಯ ಮಕ್ಕಳು ಮನೆ ಮಾರಿದರು. ಅಪ್ಪ, ಆಮೇಲೆ ಅವ್ವ. ಸುಜಾತಾ ಕಾಕು ತೀರಿಕೊಂಡದ್ದು ಈಚೆಗೆ, ಒಂದು ಸಣ್ಣ ಜ್ವರದ ನೆಪದಲ್ಲಿ. ವಸಂತ ಕಾಕಾ ಮಗಳ ಜೊತೆ ಇರಲು ಹೋದ. ಗುಡ್ಡದ ಬುಡದ ಆ ಸಾಲು ಕೋಣೆಗಳಲ್ಲಿ ಉಳಿಯುವವರು ಯಾರೂ ಇಲ್ಲದೆ, ಕೊನೆಗೆ ಕಟ್ಟಡ ಕಟ್ಟುವವರಿಗೆ ಕೊಟ್ಟೆವು.

ಕೆಡವುವ ದಿನ ನಾನೂ ನಯನಾಳೂ ಹೋಗಿದ್ದೆವು. ಆಳುಗಳು ಹೆಂಚು ಇಳಿಸುತ್ತಿದ್ದರು. ನಾವು ಅಂಗಳದಲ್ಲಿ ಉಳಿದಿದ್ದ ಕಲ್ಲಿನ ಮೇಲೆ ಕೂತೆವು. ಮಾತಿಗೆ ಮಾತು ಬಂದು ನಾನು ಆ ಬೇಸಿಗೆಯ ಸುದ್ದಿ ಎತ್ತಿದೆ. ಅವಳು ಬೆರಗಾಗಿ ನನ್ನನ್ನು ನೋಡಿದಳು.

‘ಅಮ್ಮ ನನಗ ಇದನ್ನ ಎಂದೂ ಹೇಳಲಿಲ್ಲ ಅಕ್ಕಾ. ನೀ ಆರಾಮ ಹುಟ್ಟಿದಿ, ಏನೂ ತ್ರಾಸ ಕೊಡಲಿಲ್ಲ ಅಂತಿದ್ಲು.’

ನಾನು ಎಲ್ಲವನ್ನೂ ಹೇಳಿದೆ. ಹಿತ್ತಲಿನಲ್ಲಿ ಅವಳ ತಾಯಿ ಕುಸಿದದ್ದು, ಇಳಕಲ್ಲ ಸೀರೆ, ಗೇಟಿನಲ್ಲಿ ನಿಂತ ಅವಳ ಅಜ್ಜ. ಹೇಳುತ್ತ ಹೇಳುತ್ತ ನನಗೇ ಗೊತ್ತಾಗದೆ ನನ್ನ ದನಿ ಏರಿತ್ತು; ಆಳುಗಳು ಕೆಲಸ ನಿಲ್ಲಿಸಿ ತಿರುಗಿ ನೋಡಿದರು.

‘ಅಷ್ಟು ತ್ರಾಸ ಕೊಟ್ಟೆನೇನು ನಾ ಎಲ್ಲಾರಿಗೂ?’ ಎಂದಳು ನಯನಾ ಕೊನೆಗೆ.

‘ಇಲ್ಲವ್ವಾ,’ ಎಂದೆ. ‘ಈ ಮನ್ಯಾಗ ಅಷ್ಟು ಸಂತೋಷ ನಾ ಮತ್ತ ಎಂದೂ ನೋಡಲಿಲ್ಲ.’

ಅವಳು ತಲೆ ತಗ್ಗಿಸಿದಳು. ಆ ದಿನಗಳನ್ನು ಕಣ್ಣಾರೆ ಕಂಡವರು ನಾನು, ಅವಳ ಅಪ್ಪ ಇಬ್ಬರೇ ಉಳಿದಿದ್ದೇವೆ. ಕಾಕಾನಿಗೆ ಈಚೆಗೆ ಹೆಸರುಗಳೇ ಮರೆಯುತ್ತಿವೆ. ಒಳಗೆ ಯಾರೋ ಅಡುಗೆಮನೆಯ ಬಾಗಿಲನ್ನು ಚೌಕಟ್ಟಿನ ಸಮೇತ ಕಿತ್ತು ಗೋಡೆಗೆ ಒರಗಿಸಿದರು. ಹಿತ್ತಲಿನ ಬಿಸಿಲು, ಎಂದೂ ಬಾರದಷ್ಟು ದೂರ, ನಡುಮನೆಯವರೆಗೆ ನೇರವಾಗಿ ಬಂದು ಬಿತ್ತು. ಖಾಲಿ ನೆಲದ ಮೇಲೆ ಅದು ಬಹಳ ಹೊತ್ತು ಇತ್ತು. ನಾವಿಬ್ಬರೂ ಅದು ಸರಿಯುವವರೆಗೆ ಕೂತಿದ್ದು, ಆಮೇಲೆ ಎದ್ದೆವು.